ಪ್ಲಂಕೆಟ್ ಪಾತ್ರೆ

ನಮ್ಮ ಲೀಗು ಒಡೆದದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ. ಡೆಲ್ಬರ್ಟ್ ಪ್ಲಂಕೆಟ್ ಎಂಬ ಮಹಾನುಭಾವ ಅದಕ್ಕೆ ಮರುಜನ್ಮ ಕೊಟ್ಟದ್ದು ಅದಾದ ಹದಿನಾರನೆಯ ದಿನ, ಗುರುವಾರ. ನಡುವಿನ ದಿನಗಳಲ್ಲಿ ಅವನು ಒಂದೇ ಒಂದು ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ ಎಂಬುದಕ್ಕೆ ಕಾಪರ್ ಬೆಂಡ್ ಊರಿನ ಎರಡು ಸಾವಿರದ ನಾನೂರು ಜನ ಸಾಕ್ಷಿ. ಆದರೂ ಆ ಎರಡು ಸಾವಿರದ ನಾನೂರು ಜನರೂ ಅವನಿಗೆ ಕೃತಜ್ಞರು, ನಾನಂತೂ ಎಲ್ಲರಿಗಿಂತ ಒಂದು ಕೈ ಹೆಚ್ಚು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮರ್ಲ್ ಹ್ಯಾಟನ್. ಬ್ರಾಡ್‌ವಾಟರ್ ಕಾಲೇಜಿನ ಆಟಗಾರರ ಬಸ್ಸು ಓಡಿಸುವವನು. ಡೆಲ್ಬರ್ಟ್ ಅದೇ ಕಾಲೇಜಿನ ಫುಟ್ಬಾಲ್ ಮೈದಾನಕ್ಕೆ ಬಿಳಿ ಗೆರೆ ಎಳೆಯುವವನು. ಮೂವತ್ತೊಂದು ವರ್ಷದಿಂದ ಅವನು ಆ ಹುಲ್ಲಿನ ಮೇಲೆ ಬಣ್ಣದಲ್ಲಿ ಎಲ್ಲರ ಹೆಸರನ್ನೂ ಬರೆದಿದ್ದಾನೆ: ಕಾಲೇಜಿನ ಹೆಸರು, ಲೀಗಿನ ಹೆಸರು, ದೇಣಿಗೆ ಕೊಟ್ಟ ಟ್ರ್ಯಾಕ್ಟರ್ ಅಂಗಡಿಯವರ ಹೆಸರು, ಒಮ್ಮೆ ಟ್ರ್ಯಾಕ್ಟರ್ ಅಂಗಡಿಯವರ ಮಗಳ ಮದುವೆಯಾದಾಗ ಅಳಿಯನ ಹೆಸರು ಕೂಡ. ಅವನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಬಣ್ಣದ ಡಬ್ಬಿ ಇಡುವ ಕೋಣೆಯ ಬಾಗಿಲಿಗೂ ‘ಒಳಗೆ ಬರಬೇಡಿ’ ಎಂದಷ್ಟೇ ಬರೆದಿತ್ತು. ಇದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಅದರ ಪರಿಣಾಮವಾಗಿಯೋ ಏನೋ, ಅವನು ‘ಗೊತ್ತಿಲ್ಲ’ ಎಂಬ ಮಾತನ್ನು ಜನ್ಮದಲ್ಲಿ ಆಡಿದವನಲ್ಲ. ದಾರಿ ಕೇಳಿದವರಿಗೆ ತನಗೆ ತಿಳಿಯದ ಊರಿಗೂ ದಾರಿ ಹೇಳಿ ಕಳಿಸಿದ್ದಾನೆ. ಅವರಲ್ಲಿ ಕೆಲವರು ಇನ್ನೂ ತಲುಪಿಲ್ಲ ಎಂದು ನನ್ನ ಅನುಮಾನ.

ಲೀಗಿನ ವಿಷಯ ಹೇಳುತ್ತೇನೆ. ಎಂಟು ಕಾಲೇಜುಗಳ ಲೀಗು ನಮ್ಮದು. ಎಲ್ಲ ಮೆಕ್ಕೆಜೋಳದ ಹೊಲಗಳ ನಡುವಿನವು, ಅತಿ ದೂರದ್ದಕ್ಕೂ ನನ್ನ ಬಸ್ಸಿನಲ್ಲಿ ಮೂರು ಗಂಟೆ. ಆ ಮಂಗಳವಾರ ಬೆಳಗ್ಗೆ ನಾಲ್ಕು ಕಾಲೇಜುಗಳು ಒಟ್ಟಿಗೆ ಎದ್ದು ಹೋದವು. ಟಿವಿಯವರು ಹೆಚ್ಚು ದುಡ್ಡು ಕೊಡುವ ದೊಡ್ಡ ಲೀಗುಗಳು ಅವನ್ನು ಕರೆದಿದ್ದವು. ಉಳಿದದ್ದು ನಾಲ್ಕು. ಆರಕ್ಕಿಂತ ಕಡಿಮೆಯಾದರೆ ಅದು ಲೀಗೇ ಅಲ್ಲ, ಗೆದ್ದವರಿಗೆ ರಾಷ್ಟ್ರಮಟ್ಟದ ಪಂದ್ಯಾವಳಿಗೆ ಪ್ರವೇಶವೂ ಇಲ್ಲ. ನಮ್ಮ ಕಾಲೇಜಿನ ಮಂಡಳಿಯವರು ಅಂದೇ ಮಧ್ಯಾಹ್ನ ಕೂತು ತೀರ್ಮಾನ ಮಾಡಿದರು: ಹದಿನಾರು ದಿನದೊಳಗೆ ಹೊಸ ಲೀಗು ಸಿಕ್ಕರೆ ಸರಿ, ಇಲ್ಲದಿದ್ದರೆ ಫುಟ್ಬಾಲ್ ಬಂದ್, ಮೈದಾನಕ್ಕೆ ಡಾಂಬರು ಹಾಕಿ ಕಾರು ನಿಲ್ಲಿಸುವ ಜಾಗ.

ಅಂದರೆ ರೂಲಂಡ್ ವಿರುದ್ಧದ ಆಟವೂ ಇಲ್ಲ. ಉಳಿದ ನಾಲ್ಕರಲ್ಲಿ ಒಂದಾದ, ಹತ್ತೊಂಬತ್ತು ಮೈಲಿ ದೂರದ ರೂಲಂಡ್ ಕಾಲೇಜಿನ ಮೇಲೆ ನಾವು ತೊಂಬತ್ತಾರು ವರ್ಷದಿಂದ ಪ್ರತಿ ಅಕ್ಟೋಬರಿನಲ್ಲೂ ಆಡುತ್ತ ಬಂದವರು. ಡೆಲ್ಬರ್ಟನ ಹೆಂಡತಿ ಲೋರ್ನಾ ರೂಲಂಡಿನ ಹುಡುಗಿ. ಮೂವತ್ತನಾಲ್ಕು ವರ್ಷದಿಂದ ಗಂಡ ಹೆಂಡತಿ ಆ ಒಂದು ದಿನ ಮಾತ್ರ ಬೇರೆ ಬೇರೆ ಕಡೆ ಕೂರುತ್ತಾರೆ. ಉಳಿದ ದಿನ ಚೆನ್ನಾಗಿರುವುದಕ್ಕೆ ಆ ಒಂದು ದಿನವೇ ಕಾರಣ ಎಂದು ಲೋರ್ನಾ ಹೇಳುತ್ತಾಳೆ. ಆ ಆಟದಲ್ಲಿ ಗೆದ್ದವರಿಗೆ ಸಿಗುತ್ತಿದ್ದ ಕಬ್ಬಿಣದ ನೇಗಿಲನ್ನು ವಕೀಲರು ಬಂದು ಬ್ಯಾಂಕಿನಲ್ಲಿ ಬೀಗ ಹಾಕಿ ಇಟ್ಟರು. ಲೀಗಿನ ಆಸ್ತಿ ಎಂಟು ಪಾಲಾಗುವ ತನಕ ಯಾರೂ ಮುಟ್ಟುವ ಹಾಗಿಲ್ಲವಂತೆ. ನೇಗಿಲಿನ ಜೊತೆಗೆ ಒಂದು ಕಾಫಿ ಯಂತ್ರವೂ ಎರಡು ಸೀಟಿಗಳೂ ಒಳಗೆ ಹೋದವು.

ಬುಧವಾರ ಬೆಳಗ್ಗೆ ಡಾರ್ಲೀನಳ ಕಾಫಿ ಅಂಗಡಿ ಸಾವಿನ ಮನೆಯಂತಿತ್ತು. ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥ ಕಿಪ್ ಲ್ಯಾನಿಂಗ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಡೆಲ್ಬರ್ಟ್ ಒಂದು ಇಡೀ ಸೇಬಿನ ಪೈ, ಅಂದರೆ ಹಣ್ಣು ತುಂಬಿ ಬೇಯಿಸಿದ ದುಂಡನೆಯ ಸಿಹಿ ರೊಟ್ಟಿ, ತರಿಸಿ, ಚಾಕು ಹಿಡಿದು, ನಮಗೆಲ್ಲ ಅರ್ಥಶಾಸ್ತ್ರ ಹೇಳಲು ಶುರು ಮಾಡಿದ.

“ನೋಡ್ರಪ್ಪ, ಇದು ಟಿವಿಯೋನು ಕೊಡೋ ದುಡ್ಡು. ಎಂಟು ಕಾಲೇಜು, ಎಂಟು ಚೂರು. ಈ ನಾಲ್ಕು ಜನಕ್ಕೆ ಏನನ್ನಿಸ್ತು? ಪಕ್ಕದ ಟೇಬಲ್ಲಲ್ಲಿ ಪೈ ದೊಡ್ಡದಿದೆ ಅನ್ನಿಸ್ತು. ಎದ್ದು ಹೋದ್ರು,” ಎಂದು ನಾಲ್ಕು ಚೂರನ್ನು ಪಕ್ಕಕ್ಕೆ ತಳ್ಳಿದ.

“ಹೋಗೋರು ಹೋಗ್ಲಿ ಬಿಡು,” ಎಂದಳು ಡಾರ್ಲೀನ್. “ಉಳಿದೋರಿಗೆ ಎರಡೆರಡು ಚೂರು ಸಿಗತ್ತಲ್ಲ?”

“ಅಲ್ಲೇ ಎಡವೋದು ನೀನು. ನಾಲ್ಕೇ ಜನ ಇದ್ರೆ ಟಿವಿಯೋನು ಪೈನೇ ಕೊಡಲ್ಲ.”

“ಯಾಕಂತೆ?”

“ನಾಲ್ಕು ಜನ ತಿನ್ನೋದನ್ನ ಯಾರು ಕೂತ್ಕೊಂಡು ನೋಡ್ತಾರೆ? ಅದಕ್ಕೇ ಎರಡು ಒಡಕು ಲೀಗು ಸೇರಿ ಒಂದಾಗ್ಬೇಕು.” ಹೀಗೆಂದವನೇ ಕಿಪ್‌ನ ಮುಂದಿದ್ದ ಅರ್ಧ ಚೆರ್ರಿ ಪೈಯನ್ನು ಎಳೆದುಕೊಂಡು ತನ್ನ ಅರ್ಧ ಸೇಬಿನ ಪೈಗೆ ಅಂಟಿಸಿದ. “ಈಗ ನೋಡು, ಪೂರ್ತಿ ಪೈ.”

“ಲೋ, ಅದು ನಂದು!” ಎಂದ ಕಿಪ್.

“ಇದೇ ಸಮಸ್ಯೆ. ಸೇರೋಕೆ ಎಲ್ಲರೂ ತಯಾರು, ಅವರವರ ತಟ್ಟೆ ಬಿಡೋಕೆ ಯಾರೂ ತಯಾರಿಲ್ಲ.”

ನನ್ನ ತಲೆಯಲ್ಲಿ ಬಸ್ಸು ಓಡುತ್ತಿತ್ತು. “ಅಲ್ಲ ಡೆಲ್ಬರ್ಟ್, ಆ ಪೈ ತಿನ್ನೋಕೆ ಎರಡು ಸಾವಿರ ಮೈಲಿ ಹೋಗ್ಬೇಕು ಅಂದ್ರೆ?” ಎಂದು ಕೇಳಿದೆ.

“ವಿಮಾನದ ಖರ್ಚು ಕಳೆದ್ರೆ ಉಳಿಯೋದು ಬರೀ ತಟ್ಟೆ,” ಎಂದು ಕಿಪ್ ನಿಟ್ಟುಸಿರು ಬಿಟ್ಟ. “ಅದೂ ನಮ್ಮನ್ನ ಯಾರಾದ್ರೂ ಕರೆದ್ರೆ. ಯಾರು ಕರೀತಾರೆ ನಮ್ಮನ್ನ?”

ಪಾಠ ಹೇಳುತ್ತಿದ್ದವನು ಡೆಲ್ಬರ್ಟ್ ಆದ್ದರಿಂದ ಎಲ್ಲರೂ ಅವನ ಮುಖವನ್ನೇ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಗೊತ್ತಿಲ್ಲಪ್ಪ ಎಂದು ಪೈ ತಿಂದು ಮುಗಿಸುತ್ತಿದ್ದರು. ಡೆಲ್ಬರ್ಟ್ ಚಾಕುವನ್ನು ಮೆಲ್ಲಗೆ ಕೆಳಗಿಟ್ಟು, ಎರಡೂ ಕಡೆ ನೋಡಿ, ದನಿ ತಗ್ಗಿಸಿದ. “ಗೊತ್ತು. ಆದ್ರೆ ಹೇಳೋ ಹಾಗಿಲ್ಲ.”

ಆ ಮಾತು ಅಲ್ಲಿಗೇ ಸತ್ತುಹೋಗಬೇಕಿತ್ತು. ಆದರೆ ಮರುದಿನ ವಿಮಾನ ಬಂತು.

ನಮ್ಮ ಕಡೆ ಲೀಗು ಒಡೆದಾಗ ಜನ ಪತ್ರಿಕೆ ಓದುವುದಿಲ್ಲ, ಆಕಾಶ ನೋಡುತ್ತಾರೆ. ಯಾವ ಖಾಸಗಿ ವಿಮಾನ ಎಲ್ಲಿಂದ ಹೊರಟಿತು, ಎಲ್ಲಿ ಇಳಿಯಿತು ಎಂದು ಫೋನಿನಲ್ಲಿ ಅದರ ಬಾಲದ ಮೇಲಿನ ಸಂಖ್ಯೆ ಹಿಡಿದು ಬೆನ್ನು ಹತ್ತುತ್ತಾರೆ. ದೊಡ್ಡ ಲೀಗಿನವರು ಕಾಲೇಜುಗಳನ್ನು ಸೆಳೆಯಲು ಹಾಗೇ ಸದ್ದಿಲ್ಲದೆ ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಗುರುವಾರ ಹತ್ತು ಗಂಟೆಗೆ ಕಿಪ್ ಕಾಫಿ ಚೆಲ್ಲಿಕೊಂಡು ಎದ್ದು ನಿಂತ.

“ಒರೆಗಾನ್! ಒರೆಗಾನ್‌ನಿಂದ ಹೊರಟಿರೋದು, ನಮ್ಮ ಕಡೆಗೇ ಬರ್ತಿದೆ! ಆ ದೊಡ್ಡ ಕರಾವಳಿ ಲೀಗಿನ ಕಚೇರಿ ಇರೋದೇ ಒರೆಗಾನ್‌ನಲ್ಲಿ!”

ನಮ್ಮೂರಿನ ವಿಮಾನ ನಿಲ್ದಾಣ ಎಂದರೆ ಒಂದು ಪಟ್ಟಿ ಡಾಂಬರು, ಗಾಳಿಯ ದಿಕ್ಕು ತೋರಿಸುವ ಒಂದು ಬಟ್ಟೆಯ ಚೀಲ. ಅರ್ಧ ಗಂಟೆಯಲ್ಲಿ ಅಲ್ಲಿ ನಲವತ್ತು ಜನ ಸೇರಿದರು. ಯಾರೂ ವಿಮಾನ ನೋಡಲು ಬಂದವರಲ್ಲ. ಒಬ್ಬ ಟೈರಿಗೆ ಗಾಳಿ ಹಾಕುತ್ತಿದ್ದ, ಇಬ್ಬರು ಬೇಲಿ ರಿಪೇರಿ ಮಾಡುತ್ತಿದ್ದರು, ಡಾರ್ಲೀನ್ ಮಾರ್ಚ್ ತಿಂಗಳ ಕೊರೆಯುವ ಗಾಳಿಯಲ್ಲಿ ಹೂ ಕೀಳುತ್ತಿದ್ದಳು. ಸಣ್ಣ ವಿಮಾನ ಇಳಿಯಿತು. ನೀಲಿ ಕೋಟಿನ ಒಬ್ಬ ಮನುಷ್ಯ ಕೆಳಗೆ ಬಂದು ಸುತ್ತ ನೋಡಿ ಕೇಳಿದ:

“ಇಲ್ಲಿ ಡೆಲ್ಬರ್ಟ್ ಪ್ಲಂಕೆಟ್ ಅಂದ್ರೆ ಯಾರು?”

ಬೇಲಿ ರಿಪೇರಿ ಮಾಡುತ್ತಿದ್ದವನ ಕೈಯಿಂದ ಸುತ್ತಿಗೆ ಬಿತ್ತು. ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವನು ಡೆಲ್ಬರ್ಟ್.

ಇಬ್ಬರೂ ಅವನ ಟ್ರಕ್ಕಿನಲ್ಲಿ ಮೈದಾನಕ್ಕೆ ಹೋದರು. ನಾವು ಗೌರವದ ಅಂತರ ಕಾಯ್ದುಕೊಂಡು, ಅಂದರೆ ಮೈದಾನದ ಬೇಲಿಗೆ ಮೂಗು ಒತ್ತಿಕೊಂಡು ನಿಂತೆವು. ಉತ್ತರದ ಮೂಲೆಯಲ್ಲಿ ಇಬ್ಬರೂ ಮೊಣಕಾಲೂರಿ ಕೂತರು.

“ಅಳತೆ ತಗೋತಿದಾನೆ,” ಎಂದು ಕಿಪ್ ಪಿಸುಗುಟ್ಟಿದ. “ಟಿವಿ ಕ್ಯಾಮೆರಾ ಎಲ್ಲಿಡೋದು ಅಂತ.”

ನೀಲಿ ಕೋಟಿನವನು ಒಂದು ಹಿಡಿ ಹುಲ್ಲು ಕಿತ್ತು, ಮೂಸಿ, ಬಾಯಿಗೆ ಹಾಕಿಕೊಂಡ.

“ಅಯ್ಯಯ್ಯೋ, ಹುಲ್ಲು ತಿಂದ!” ಎಂದಳು ಡಾರ್ಲೀನ್.

“ಸುಮ್ನಿರಮ್ಮ. ದೊಡ್ಡ ಲೀಗಿನೋರು ಎಲ್ಲಾನೂ ಆಳವಾಗಿ ಪರೀಕ್ಷೆ ಮಾಡ್ತಾರೆ,” ಎಂದ ಕಿಪ್.

ನಿಜ ಸಂಗತಿ ನನಗೆ ತಿಳಿದದ್ದು ಎಲ್ಲರ ಜೊತೆಗೇ, ಕೊನೆಯಲ್ಲಿ. ಆದರೆ ಓದುವವರನ್ನು ಹದಿನಾರು ದಿನ ಕಾಯಿಸುವುದು ಸರಿಯಲ್ಲ. ಆ ಮೂಲೆಯಲ್ಲಿ ಒಂದು ಕಂಬಳಿಯಷ್ಟು ಅಗಲದ ಹುಲ್ಲು, ಮೈದಾನವೆಲ್ಲ ಒಣಗಿ ನಾರಾಗಿದ್ದರೂ, ಹಿಮ ಕರಗುವ ಹೊತ್ತಿಗೇ ಹಚ್ಚಗಿರುತ್ತಿತ್ತು. ಅದು ಎಲ್ಲಿಂದ ಬಂತೋ ದೇವರೇ ಬಲ್ಲ. ಎರಡು ವರ್ಷದ ಹಿಂದೆ ಡೆಲ್ಬರ್ಟ್ ಅದರ ಒಂದು ಹಿಡಿಯನ್ನು ಲಕೋಟೆಯಲ್ಲಿ ಹಾಕಿ ಒರೆಗಾನ್‌ನ ಒಂದು ಹುಲ್ಲುಬೀಜದ ಕಂಪನಿಗೆ ಕಳಿಸಿ ಮರೆತುಬಿಟ್ಟಿದ್ದ. ನೀಲಿ ಕೋಟಿನವನು ಆ ಕಂಪನಿಯವನು. ಚಳಿಗೆ ಸಾಯದ ಹುಲ್ಲು ನೋಡಿ ಅವನಿಗೆ ಖುಷಿಯೋ ಖುಷಿ. ಒಂದು ಕಾಗದ ತೆಗೆದು ಡೆಲ್ಬರ್ಟನ ಸಹಿ ಹಾಕಿಸಿಕೊಂಡ. ಬೇರೆ ಕಂಪನಿಗಳಿಗೆ ವಾಸನೆ ಹತ್ತಬಾರದು, ಆದ್ದರಿಂದ ಒಂದು ವರ್ಷ ಯಾರಿಗೂ, ಕಟ್ಟಿಕೊಂಡ ಹೆಂಡತಿಗೂ, ಬಾಯಿ ಬಿಡಬಾರದು. ಮಾತು ಉಳಿಸಿಕೊಂಡರೆ ದೇಶದ ಎಲ್ಲ ಅಂಗಡಿಗಳಲ್ಲೂ ಮಾರುವ ಆ ಬೀಜದ ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ‘ಪ್ಲಂಕೆಟ್’ ಎಂದು ಅಚ್ಚಾಗುತ್ತದೆ.

ಹೀಗೆ, ಇಲ್ಲದ ಗುಟ್ಟನ್ನು ಇದೆ ಎಂದು ಹೇಳಿಕೊಂಡಿದ್ದ ಮನುಷ್ಯನಿಗೆ ಒಂದೇ ದಿನದಲ್ಲಿ ನಿಜವಾದ ಗುಟ್ಟೇ ಸಿಕ್ಕಿತು. ವಿಮಾನ ಹಾರಿಹೋದ ಮೇಲೆ ನಾವೆಲ್ಲ ಅವನನ್ನು ಸುತ್ತುವರಿದೆವು.

“ಅವ್ರು ಬರೋದು ಖಾಯಂ ತಾನೇ?” ಎಂದು ಕಿಪ್ ಕೇಳಿದ.

ಡೆಲ್ಬರ್ಟ್ ಬಿಳಿಚಿಕೊಂಡಿದ್ದ. “ಹೇಳೋ ಹಾಗಿಲ್ಲ ಕಣೋ. ಆಣೆಗೂ ಹೇಳೋ ಹಾಗಿಲ್ಲ.”

“ಸಾಕು ಬಿಡು, ಅರ್ಥ ಆಯ್ತು,” ಎಂದು ಕಿಪ್ ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟ.

ಶುಕ್ರವಾರದಿಂದ ಪಾತ್ರೆಗಳು ಬರಲು ಶುರುವಾದವು. ನಮ್ಮೂರಿನಲ್ಲಿ ಯಾರ ಬಾಯಿಂದಲಾದರೂ ಒಂದು ವಿಷಯ ಹೊರಡಿಸಬೇಕಾದರೆ ನೇರವಾಗಿ ಕೇಳುವ ರೂಢಿಯಿಲ್ಲ. ಆಲೂಗಡ್ಡೆ, ಚೀಸು, ಕೋಳಿ ಹಾಕಿ ಒಲೆಯಲ್ಲಿ ಬೇಯಿಸಿ, ಗಾಜಿನ ಪಾತ್ರೆಯ ಸಮೇತ ಅವರ ಮನೆಗೆ ಒಯ್ಯುತ್ತಾರೆ. ಪಾತ್ರೆ ತಪ್ಪಿಹೋಗದ ಹಾಗೆ ತಳಕ್ಕೆ ಕಾಗದದ ಟೇಪು ಅಂಟಿಸಿ ಅದರ ಮೇಲೆ ಮನೆತನದ ಹೆಸರು ಬರೆದಿರುತ್ತಾರೆ. ತೊಂದರೆಯೆಂದರೆ ಯಾರಾದರೂ ತೀರಿಕೊಂಡಾಗಲೂ ಒಯ್ಯುವುದು ಇದನ್ನೇ. ಬಾಗಿಲು ತೆಗೆದ ಲೋರ್ನಾ, ಅಂಗಳದಲ್ಲಿ ಮುಚ್ಚಿದ ಪಾತ್ರೆ ಹಿಡಿದು ಸಾಲಾಗಿ ನಿಂತ ಏಳು ಜನರನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಡೆಲ್‌ಗೆ ಏನಾಯ್ತು?”

“ಏನೂ ಆಗಿಲ್ಲಮ್ಮ,” ಎಂದಳು ಮುಂದೆ ನಿಂತ ಡಾರ್ಲೀನ್. “ಸ್ವಲ್ಪ ಕೋಳಿ ಜಾಸ್ತಿ ಆಯ್ತು, ಹಾಗೇ ತಂದೆ. ಅಂದ ಹಾಗೆ, ಕರಾವಳಿಗೆ ಹೋದ್ರೆ ಅಲ್ಲಿ ಚಳಿ ಹೇಗಂತೆ?”

ಭಾನುವಾರದ ಹೊತ್ತಿಗೆ ಲೋರ್ನಾಳ ಅಡುಗೆಮನೆಯಲ್ಲಿ ಇಪ್ಪತ್ಮೂರು ಪಾತ್ರೆಗಳು. ತೊಳೆದು ಖಾಲಿ ವಾಪಸ್ ಕೊಡುವ ಹಾಗಿಲ್ಲ, ಪ್ರತಿಯೊಂದರಲ್ಲೂ ಏನಾದರೂ ಹಾಕಿಯೇ ಕೊಡಬೇಕು. ಅವಳು ಒಂದು ವಾರ ಒಲೆಯ ಮುಂದಿಂದ ಏಳಲಿಲ್ಲ.

“ಏನಾದ್ರೂ ಒಂದು ಹೇಳಿಬಿಡು ಡೆಲ್,” ಎಂದು ಅವಳು ನನ್ನೆದುರಿಗೇ ಗಂಡನನ್ನು ಬೇಡಿಕೊಂಡಳು. “ನಿಜ ಹೇಳ್ದೆ ಇದ್ರೂ ಪರವಾಗಿಲ್ಲ, ಸುಳ್ಳಾದ್ರೂ ಹೇಳು. ನನ್ನ ಕೈ ಬಿದ್ದುಹೋಗ್ತಿದೆ.”

“ಸುಳ್ಳಾಗಿದ್ರೆ ಯಾವತ್ತೋ ಹೇಳಿರ್ತಿದ್ದೆ ಲೋರ್ನಾ,” ಎಂದ ಅವನು. ಈ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ಸುದ್ದಿ ಹತ್ತೊಂಬತ್ತು ಮೈಲಿ ದಾಟಿತು. ಸೋಮವಾರ ರೂಲಂಡ್ ಕಾಲೇಜಿನ ಅಧ್ಯಕ್ಷೆ ಲಿಬ್ಬಿ ವಾವ್ರಾ ಖುದ್ದಾಗಿ ಬಂದರು. ಅವರೂ ಲೋರ್ನಾಳೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಕೈಯಲ್ಲಿ ಒಂದು ಪೆಟ್ಟಿಗೆ ತುಂಬ ಕೊಲಾಚೆ, ಅದು ಅವರೂರಿನ ಹಣ್ಣು ತುಂಬಿದ ಬನ್ನು. ಅವರು ನೇರವಾಗಿ ವಿಷಯಕ್ಕೆ ಬಂದರು.

“ತೊಂಬತ್ತಾರು ವರ್ಷ ಒಬ್ಬರ ಮೂಗು ಒಬ್ಬರು ಮುರ್ಕೊಂಡಿದೀವಿ ಡೆಲ್ಬರ್ಟ್. ಈಗ ನಮ್ಮನ್ನ ಬಿಟ್ಟು ಸಮುದ್ರದ ಕಡೆ ಹೊರಟ್ರಾ?”

ಡೆಲ್ಬರ್ಟ್ ಒಂದು ಕೊಲಾಚೆ ಬಾಯಿಗೆ ತುರುಕಿಕೊಂಡ.

“ಹೋಗಿ, ಹೋಗಿ. ನಮಗೇನು ಕಮ್ಮಿ? ಟೆಕ್ಸಸ್‌ನೋರು ದಿನಾ ಫೋನ್ ಮಾಡ್ತಿದಾರೆ.”

“ಹೌದಾ? ಏನಂತಾರೆ?” ಎಂದು ಲೋರ್ನಾ ಕೇಳಿದಳು.

“ಹೇಳೋ ಹಾಗಿಲ್ಲ,” ಎಂದರು ಲಿಬ್ಬಿ. ಅವರ ಕಣ್ಣು ಒದ್ದೆಯಾಗಿತ್ತು. ಲೋರ್ನಾ ತನ್ನದೇ ನೀಲಿ ಪಾತ್ರೆಯಲ್ಲಿ ಬೇಯಿಸಿದ ಬೀನ್ಸ್ ತುಂಬಿ ಗೆಳತಿಯ ಕೈಗೆ ಕೊಟ್ಟಳು.

ಆ ವಾರ ನಮ್ಮ ಸೀಮೆಯಲ್ಲೆಲ್ಲ ಈ ರೋಗ ಹಬ್ಬಿತು. ಉತ್ತರದ ಡಕೋಟಾ ಕಡೆ ಇನ್ನೊಂದು ಒಡಕು ಲೀಗಿತ್ತು. ಅಲ್ಲೂ ಕೆಲವರು ಎದ್ದುಹೋಗಿ ಐದು ಕಾಲೇಜು ಉಳಿದಿದ್ದವು. ಅದರ ಮುಖ್ಯಸ್ಥ ಆರ್ನೆ ಟೋರ್ಗಸನ್ ನಾರ್ವೆ ಮೂಲದ ರೈತರ ವಂಶದವನು, ಮಾತಿಗೆ ತೆರಿಗೆ ಇದೆಯೇನೋ ಎಂಬಂತೆ ಮಾತಾಡುವವನು. ಅವನು ಕಿಪ್‌ಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

“ಕೇಳಿದೆ,” ಎಂದ ಆರ್ನೆ.

“ಏನು ಕೇಳಿದ್ರಿ?”

“ಕರಾವಳಿ.”

“ಅದು ಹೇಳೋ ಹಾಗಿಲ್ಲ,” ಎಂದು ಕಿಪ್ ಎದೆ ಉಬ್ಬಿಸಿದ.

ಕಿಪ್ ಫೋನು ಕೆಟ್ಟಿತೇನೋ ಎಂದು ಅಲ್ಲಾಡಿಸಿ ನೋಡಿದ.

“ನಮಗೂ ಬಂದಿದೆ,” ಎಂದ ಆರ್ನೆ.

“ಎಲ್ಲಿಂದ?”

“ಹೇಳೋ ಹಾಗಿಲ್ಲ. ಮುಂದಿನ ಗುರುವಾರ ಬರ್ತೀನಿ.”

ಆ ಗುರುವಾರ ಸಂಜೆ ಆರಕ್ಕೆ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸಭೆ. ಮಂಡಳಿಯವರು ಕೊಟ್ಟ ಕಡೆಯ ದಿನ. ಊರಿಗೆ ಊರೇ ಬಂದಿತ್ತು. ರೂಲಂಡಿನಿಂದ ಲಿಬ್ಬಿ ವಾವ್ರಾ ಬಂದು ಹಿಂದಿನ ಸಾಲಿನಲ್ಲಿ, ತಾವು ಸುಮ್ಮನೆ ಈ ಕಡೆ ಹಾದು ಹೋಗುತ್ತಿದ್ದವರಂತೆ ಕೂತಿದ್ದರು. ಆರ್ನೆ ಆರು ಗಂಟೆ ಗಾಡಿ ಓಡಿಸಿಕೊಂಡು ಬಂದಿದ್ದ. ಎದ್ದು ನಿಂತು, ಟೋಪಿ ತೆಗೆದು, ತನ್ನ ಭಾಷಣ ಮಾಡಿದ.

“ನಾವು ಐದು. ನೀವು ನಾಲ್ಕು. ಸೇರೋಣ್ವಾ?”

ನನ್ನ ಎದೆ ಹಗುರವಾಯಿತು. ಐದಕ್ಕೆ ನಾಲ್ಕು ಸೇರಿದರೆ ಒಂಬತ್ತು. ಅದು ಲೀಗು! ಎಲ್ಲ ಬಸ್ಸು ಹೋಗುವ ದೂರ! ಆದರೆ ಕಿಪ್ ಮಂಡಳಿಯವರ ಕಡೆ ನೋಡಿದ, ಮಂಡಳಿಯವರು ಡೆಲ್ಬರ್ಟನ ಕಡೆ ನೋಡಿ ಕಣ್ಣು ಮಿಟುಕಿಸಿದರು, ಕಿಪ್ ಗಂಟಲು ಸರಿಮಾಡಿಕೊಂಡ.

“ನಿಮ್ಮ ದೊಡ್ಡ ಮನಸ್ಸಿಗೆ ತುಂಬಾ ಥ್ಯಾಂಕ್ಸ್, ಟೋರ್ಗಸನ್ ಅವ್ರೇ. ಆದ್ರೆ ನಮಗೆ ಬೇರೆ ಕಡೆಯಿಂದ... ಅದು ನಿಮಗೂ ಗೊತ್ತು. ನಾವು ಅದಕ್ಕೇ ಕಾಯೋಣ ಅಂತ.”

“ಹೂಂ,” ಎಂದ ಆರ್ನೆ. ಟೋಪಿ ತಲೆಗಿಟ್ಟುಕೊಂಡ. ಬಾಗಿಲ ಕಡೆ ನಡೆದ.

ಡೆಲ್ಬರ್ಟ್ ನನ್ನ ಪಕ್ಕದಲ್ಲಿ ಕೂತಿದ್ದ. ಅವನ ಜೇಬಿನಲ್ಲಿ ಕಾಗದ ಕರಕರ ಎನ್ನುತ್ತಿತ್ತು. ಅವನು ಒಮ್ಮೆ ಜೇಬು ಮುಟ್ಟಿಕೊಂಡ, ಒಮ್ಮೆ ಆರ್ನೆಯ ಬೆನ್ನು ನೋಡಿದ, ಒಮ್ಮೆ ಲೋರ್ನಾಳನ್ನು ನೋಡಿದ. ಆಮೇಲೆ ಎದ್ದು ನಿಂತ. ಕುರ್ಚಿ ದಬಾರನೆ ಹಿಂದಕ್ಕೆ ಬಿತ್ತು.

“ಸ್ವಲ್ಪ ತಡೀರಿ! ಯಾರೂ ಬರಲ್ಲ. ಕರಾವಳಿಯೋರು ಬರಲ್ಲ. ಅವತ್ತು ಬಂದೋನು ಹುಲ್ಲಿನೋನು.”

“ಯಾವ ಹುಲ್ಲಿನೋನು?” ಎಂದ ಕಿಪ್.

“ಹುಲ್ಲುಬೀಜ ಮಾರೋನು ಕಣಪ್ಪ! ಉತ್ತರದ ಮೂಲೆ ಹುಲ್ಲು ನೋಡೋಕೆ ಬಂದಿದ್ದ. ಇಲ್ಲಿದೆ ಕಾಗದ. ಬಾಯಿ ಬಿಡದೆ ಇದ್ರೆ ಚೀಲದ ಮೇಲೆ ನನ್ನ ಹೆಸರು ಹಾಕ್ತಾರಂತೆ. ಬಿಟ್ರೆ ಇಲ್ಲ.” ಅವನು ಒಂದು ಸಲ ಉಸಿರೆಳೆದುಕೊಂಡ. “ಈಗ ಬಿಟ್ಟೆ. ಹೆಸರು ಹೋದ್ರೆ ಹೋಗ್ಲಿ. ಚೀಲದ ಮೇಲೆ ಹೆಸರಿದ್ದು, ಮೈದಾನದ ಮೇಲೆ ಡಾಂಬರಿದ್ರೆ ನಾನು ಗೆರೆ ಎಲ್ಲಿ ಎಳೀಲಿ?”

ಸಭೆಯಲ್ಲಿದ್ದ ಐನೂರು ಜನರೂ ಡೆಲ್ಬರ್ಟನ ಕಡೆ ತಿರುಗಿದರು. ಮೊದಲು ಮಾತಾಡಿದವಳು ಡಾರ್ಲೀನ್.

“ಹಾಗಾದ್ರೆ ನಾನು ಕೊಟ್ಟ ಕೋಳಿ?”

“ತಿಂದ್ವಿ ಕಣೇ,” ಎಂದಳು ಲೋರ್ನಾ. “ಉಪ್ಪು ಜಾಸ್ತಿ ಇತ್ತು.”

ಕಿಪ್‌ನ ಮುಖ ಕೆಂಪೇರಿ, ಬಿಳಿಚಿ, ಮತ್ತೆ ಕೆಂಪೇರಿತು. ಅವನು ಡೆಲ್ಬರ್ಟನನ್ನು ಏನು ಮಾಡುತ್ತಿದ್ದನೋ ಹೇಳಲಾಗದು. ಆದರೆ ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ನಗು ಕೇಳಿಸಿತು. ಲಿಬ್ಬಿ ವಾವ್ರಾ ಹೊಟ್ಟೆ ಹಿಡಿದುಕೊಂಡು ನಗುತ್ತ ಎದ್ದು ನಿಂತರು.

“ನಂದೂ ಒಂದು ಹೇಳಿಬಿಡ್ತೀನಿ. ಟೆಕ್ಸಸ್‌ನಿಂದ ನನಗೆ ಬಂದಿದ್ದು ಒಂದೇ ಒಂದು ಫೋನು. ಚಾವಣಿ ರಿಪೇರಿ ಮಾಡಿಸ್ತೀರಾ ಅಂತ ಕೇಳಿದ್ರು.”

ಇಡೀ ಸಭೆ ಮೆಲ್ಲಗೆ ಬಾಗಿಲ ಕಡೆ ತಿರುಗಿತು. ಅಲ್ಲಿ ಆರ್ನೆ ಒಂದು ಕಾಲು ಹೊಸ್ತಿಲಾಚೆ ಇಟ್ಟು ನಿಂತಿದ್ದ. ಅವನು ಮತ್ತೆ ಟೋಪಿ ತೆಗೆದ.

“ನಮಗೂ,” ಎಂದ.

“ನಿಮಗೂ ಏನು ಸಾರ್?” ಎಂದು ಕಿಪ್ ಕೇಳಿದ.

“ಯಾರೂ ಕರೆದಿಲ್ಲ.” ಆಮೇಲೆ, ಅವನನ್ನು ನಲವತ್ತು ವರ್ಷದಿಂದ ಬಲ್ಲವರೂ ಕೇಳದಷ್ಟು ಉದ್ದದ ಮಾತು ಅವನ ಬಾಯಿಂದ ಬಂತು. “ನಿಮ್ಮನ್ನ ದೊಡ್ಡೋರು ಕೇಳ್ತಿದಾರೆ ಅಂತ ಸುದ್ದಿ ಬಂತು. ಅಷ್ಟು ಒಳ್ಳೆಯೋರು ಇರ್ಬೇಕು, ಅವ್ರು ಕರ್ಕೊಂಡು ಹೋಗೋ ಮೊದ್ಲೇ ಹೋಗಿ ಕೇಳೋಣ ಅಂದ್ಕೊಂಡೆ. ಇಲ್ದಿದ್ರೆ ಬರ್ತಿರ್ಲಿಲ್ಲ. ಈಗ್ಲೂ ಕೇಳ್ತಿದೀನಿ.”

ಹೀಗೆ ಆ ಅಂಗಳದಲ್ಲಿ ನಮಗೆ ಅರ್ಥವಾಯಿತು, ಲೋಕದಲ್ಲಿ ಯಾವ ಲೀಗಿಗೂ ನಮ್ಮಲ್ಲಿ ಯಾರೊಬ್ಬರೂ ಬೇಕಾಗಿರಲಿಲ್ಲ. ಅದು ಬೇಸರ ಪಡಬೇಕಾದ ಸಂಗತಿ. ಆದರೆ ಜನ ನಗುತ್ತಿದ್ದರು, ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು, ಡಾರ್ಲೀನ್ ಆರ್ನೆಗೆ ಕುರ್ಚಿ ತಂದು ಹಾಕಿದಳು. ಮಂಡಳಿಯ ಒಬ್ಬರು ನನ್ನ ಕಡೆ ತಿರುಗಿದರು.

“ಮರ್ಲ್, ಒಂಬತ್ತೂ ಕಾಲೇಜು ನಿನ್ನ ಬಸ್ಸಲ್ಲಿ ಆಗತ್ತಾ?”

ನನ್ನ ಜನ್ಮದಲ್ಲಿ ಮೊದಲ ಬಾರಿಗೆ ಮಂಡಳಿಯವರು ನನ್ನನ್ನು ಏನಾದರೂ ಕೇಳಿದ್ದು. ಎದ್ದು ನಿಂತು ಹೇಳಿದೆ, “ಅತಿ ದೂರದ್ದು ಆರು ಗಂಟೆ ಸಾರ್. ದಾರೀಲಿ ಒಂದು ಸಲ ಊಟಕ್ಕೆ, ಎರಡು ಸಲ ಬೇರೆದಕ್ಕೆ. ವಿಮಾನ ಬೇಡ್ವೇ ಬೇಡ.”

ಉಳಿದೆರಡು ಕಾಲೇಜಿನವರು ಫೋನಿನಲ್ಲೇ ಒಪ್ಪಿದರು, ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಲೀಗಿಗೆ ಹೆಸರಿಡಲು ಮಾತ್ರ ಒಂದು ಸಮಿತಿ ಮಾಡಿದರು, ಅದು ಇವತ್ತಿಗೂ ಕೂರುತ್ತಿದೆ. ಟಿವಿಯವರು ಕೊಟ್ಟದ್ದು ಸಣ್ಣ ಪೈ. ಆದರೆ ತಿನ್ನಲು ದೂರ ಹೋಗಬೇಕಾಗಿಲ್ಲವಾದ್ದರಿಂದ ತಟ್ಟೆಯಲ್ಲಿ ಅಷ್ಟಿಷ್ಟು ಉಳಿಯುತ್ತದೆ.

ಬೇಸಿಗೆಯಲ್ಲಿ ಒರೆಗಾನ್‌ನಿಂದ ಕಾಗದ ಬಂತು. ಕರಾರು ಮುರಿದ ಕಾರಣ ಹೆಸರು ಕೈಬಿಡಲಾಗಿದೆ, ಹುಲ್ಲನ್ನು ‘೪೧೨’ ಎಂದು ಕರೆಯಲಾಗುವುದು ಎಂದಿತ್ತು. ಡೆಲ್ಬರ್ಟ್ ಅದನ್ನು ನನಗೆ ತೋರಿಸಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಬಣ್ಣದ ಡಬ್ಬಿ ಕಲಕಲು ಹೋದ. ನಾನೂ ಅವನ ಜೊತೆಗೆ ಡಬ್ಬಿ ಹೊತ್ತೆ.

ಅಕ್ಟೋಬರ್ ಬಂತು. ರೂಲಂಡ್ ಜೊತೆಗಿನ ತೊಂಬತ್ತೇಳನೆಯ ಆಟ. ಗೆರೆಗಳು ಅಷ್ಟು ಬೆಳ್ಳಗೆ, ಅಷ್ಟು ನೆಟ್ಟಗೆ ಎಂದೂ ಇರಲಿಲ್ಲ. ಲೋರ್ನಾ ಆಚೆ ಬದಿಯಲ್ಲಿ ರೂಲಂಡಿನ ಕೆಂಪು ಶಾಲು ಹೊದ್ದು ಕೂತಿದ್ದಳು. ಗೆದ್ದವರಿಗೆ ಕೊಡಲು ಮಾತ್ರ ಏನೂ ಇರಲಿಲ್ಲ, ನೇಗಿಲು ಇನ್ನೂ ಬ್ಯಾಂಕಿನಲ್ಲಿತ್ತು. ಆಟ ಶುರುವಾಗುವ ಮೊದಲು ಲಿಬ್ಬಿ ವಾವ್ರಾ ಮೈದಾನದ ನಡುವಿಗೆ ಬಂದು ಧ್ವನಿವರ್ಧಕ ಹಿಡಿದರು. ಇನ್ನೊಂದು ಕೈಯಲ್ಲಿ ಆ ನೀಲಿ ಪಾತ್ರೆ, ಅದರ ತುಂಬ ಬೆಳ್ಳನೆಯ ಚೀಸು ತುಂಬಿದ ಕೊಲಾಚೆ.

“ಇದು ಮಾರ್ಚ್‌ನಿಂದ ನಮ್ಮನೇಲಿದೆ. ಖಾಲಿ ವಾಪಸ್ ಕೊಡೋ ಹಾಗಿಲ್ಲ, ತುಂಬಿಸಿ ತಂದಿದೀನಿ. ಇನ್ಮೇಲೆ ಗೆದ್ದೋರು ಇದನ್ನ ಮನೆಗೆ ತಗೊಂಡು ಹೋಗ್ಬೇಕು, ಮುಂದಿನ ಅಕ್ಟೋಬರಿಗೆ ತುಂಬಿಸಿ ವಾಪಸ್ ತರ್ಬೇಕು. ವಕೀಲರು ಬಂದು ಬೀಗ ಹಾಕೋ ಹಾಗಿಲ್ಲ, ಯಾಕಂದ್ರೆ ಇದು ಲೀಗಿನದಲ್ಲ. ಯಾರದ್ದು ಅಂತ ತಳದಲ್ಲಿ ಬರೆದಿದೆ. ಡೆಲ್ಬರ್ಟ್, ಬಾ ಇಲ್ಲಿ. ಓದು.”

ಡೆಲ್ಬರ್ಟ್ ಹೋದ. ಪಾತ್ರೆ ತೆಗೆದುಕೊಂಡ. ತಳದಲ್ಲಿ ಏನು ಬರೆದಿದೆ ಎಂದು ನೋಡಲು ಅದನ್ನು ಪೂರ್ತಿ ಬೋರಲು ಹಾಕಿದ. ಎರಡು ಡಜನ್ ಕೊಲಾಚೆ ಬಿಳಿ ಗೆರೆಯ ಮೇಲೆ ಉರುಳಿದವು. ನಾಲ್ಕು ಸಾವಿರ ಜನ ಕೂಗಿದರು, ಆದರೆ ಅವನಿಗೆ ಕೇಳಿಸಲಿಲ್ಲ. ಹಳೆಯ ಕಾಗದದ ಟೇಪಿನ ಮೇಲೆ ಲೋರ್ನಾಳ ಕೈಬರಹದಲ್ಲಿ ‘ಪ್ಲಂಕೆಟ್’ ಎಂದಿತ್ತು. ಅವನು ಅದನ್ನು ಓದುತ್ತಲೇ ನಿಂತಿದ್ದ. ಆಟ ನಡೆಸುವವನು ಬಂದು ಅವನನ್ನು ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ಯಬೇಕಾಯಿತು.

“ಡೆಲ್!” ಎಂದು ಆಚೆ ಬದಿಯಿಂದ ಲೋರ್ನಾ ಕೂಗಿದಳು. “ಅದು ನನ್ನ ಒಳ್ಳೆ ಪಾತ್ರೆ ಕಣೋ! ಇನ್ಮೇಲೆ ಬೀನ್ಸ್ ಯಾವುದ್ರಲ್ಲಿ ಮಾಡ್ಲಿ?”

ಆಟ ನಾವು ಸೋತೆವು, ಮೂರು ಅಂಕದಿಂದ. ಪಾತ್ರೆ ರೂಲಂಡಿಗೆ ಹೋಯಿತು. ಭಾನುವಾರ ಬೆಳಗ್ಗೆ ಡಾರ್ಲೀನಳ ಅಂಗಡಿಯಲ್ಲಿ ಮತ್ತೆ ಎಲ್ಲರೂ ಸೇರಿದೆವು. ಕಿಪ್ ಕಾಫಿ ಕಲಕುತ್ತ, ಹಳೆಯ ಅಭ್ಯಾಸದಂತೆ, ಡೆಲ್ಬರ್ಟನ ಕಡೆ ತಿರುಗಿದ.

“ಏನಯ್ಯ, ಮುಂದಿನ ವರ್ಷನಾದ್ರೂ ಗೆಲ್ತೀವಾ?”

ಡೆಲ್ಬರ್ಟ್ ಪೈ ತಿನ್ನುವುದನ್ನು ನಿಲ್ಲಿಸಿ ಯೋಚಿಸಿದ. “ಗೊತ್ತಿಲ್ಲ,” ಎಂದ.

ಡಾರ್ಲೀನಳ ಕೈಯಲ್ಲಿದ್ದ ಕಾಫಿ ಜಗ್ಗು ಗಾಳಿಯಲ್ಲೇ ನಿಂತಿತು.

“ಆದ್ರೆ ಪಾತ್ರೆ ವಾಪಸ್ ಬರತ್ತೆ,” ಎಂದ ಡೆಲ್ಬರ್ಟ್. “ಅದ್ರ ಮೇಲೆ ನಮ್ಮನೆ ಹೆಸರಿದೆ.”